ಮೈಸೂರಿನ ಅರಮನೆ: ಸಂಸೃಷ್ಟಿಯೋ ಸಂಕರವೋ?

ಮೈಸೂರಿನ ಅಂಬಾವಿಲಾಸದ ಅರಮನೆಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಅದು ‘ಇಂಡೋ-ಸಾರಸೆನಿಕ್’ ಶೈಲಿಯ ಕಟ್ಟಡವೆಂದು ಹೇಳಿ ವಿರಮಿಸುತ್ತಾರೆ. ಮೆಚ್ಚಿದವರು ಇದನ್ನು ನಾನಾ ಶೈಲಿಗಳ ಮಧುರಮಿಲನವೆಂದೂ ಮೆಚ್ಚದವರು ಬರಿಯ ಬೆರಕೆಯೆಂದೂ ಕರೆಯುವರು. ಉಭಯಪಕ್ಷದವರೂ ಬೆರೆತಿದೆಯೆಂಬುದನ್ನು ಹೇಳಿದರೇ ಹೊರತು ಹೇಗೆ ಬೆರೆತಿದೆಯೆಂಬುದನ್ನು ವಿಚಾರಿಸಲಿಲ್ಲ. ಆ ವಿಚಾರವೇ ಪ್ರಕೃತ ಲೇಖನದ ವಿಷಯವು.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ನೆನೆಯೋಣ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ಮೇಲೆ, 1803ರ ಹೊತ್ತಿಗೆ ಮೈಸೂರಿನಲ್ಲಿ ಹೊಸ ಅರಮನೆಯೆದ್ದಿತು. ಮರದ ಕೆಲಸವೇ ಪ್ರಧಾನವಾಗಿದ್ದ ಆ ಸೌಧವು 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹಸಮಯದಲ್ಲಿ ಬೆಂಕಿಗೆ ಆಹುತಿಯಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ರಾಜಪ್ರತಿನಿಧಿಗಳಾಗಿದ್ದ ವಾಣಿವಿಲಾಸ ಸನ್ನಿಧಾನದವರು ನೂತನ ನಿರ್ಮಾಣವನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಿದರು. 1912ರಲ್ಲಿ ಮುಗಿದ ಈ ಕಾರ್ಯಕ್ಕೆ 41,47,913 ರೂಪಾಯಿಗಳು ವೆಚ್ಚವಾದುವು.

ಇನ್ನು ಆ ಹೆಸರಿನ ಪರೀಕ್ಷೆ. ಲಕ್ಷಣವು ನಿರ್ದುಷ್ಟವಾಗಿರಬೇಕಾದರೆ ಅದರಲ್ಲಿ ಅವ್ಯಾಪ್ತಿಯೂ ಅತಿವ್ಯಾಪ್ತಿಯೂ ಇರಲಾಗದು. ‘ಇಂಡೋ-ಸಾರಸೆನಿಕ್’ ಎಂಬ ಹೆಸರು 1892ರಲ್ಲಿ ಪೂರ್ಣಗೊಂಡ ಮದರಾಸಿನ ಹೈಕೋರ್ಟಿಗೂ ಸಲ್ಲುತ್ತದೆ. ನ್ಯಾಯಸ್ಥಾನಕ್ಕೂ ರಾಜಗೃಹಕ್ಕೂ ಭೇದವನ್ನು ತೋರದ ಹೆಸರು ಅತಿವ್ಯಾಪ್ತವಲ್ಲವೆ? ಇತ್ತ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಲ್ಯಾಣಮಂಟಪದ ಕಬ್ಬಿಣದ ಕಂಬಗಳನ್ನಾಗಲಿ, ನಮ್ಮ ಮನೆಗಳ ತೊಟ್ಟಿಯನ್ನಾಗಲಿ ಆ ಹೆಸರು ಮುಟ್ಟುವುದಿಲ್ಲ, ಇದು ಅವ್ಯಾಪ್ತಿ. ಆದುದರಿಂದ ಇದು ಗುರುತಿನ ಚೀಟಿಯೇ ಹೊರತು ವಿಮರ್ಶೆಯಲ್ಲ.

ಅಲಂಕಾರಗಳ ಬೆರಕೆಯನ್ನು ನಮ್ಮ ಆಲಂಕಾರಿಕರು ಎರಡು ಬಗೆಯಾಗಿ ಕಂಡರು. ಎಳ್ಳು ಅಕ್ಕಿಗಳಂತೆ ಬೆರೆತರೂ ಬೇರ್ಪಡಿಸಬಹುದಾದುದು ಸಂಸೃಷ್ಟಿ. ಹಾಲು ನೀರುಗಳಂತೆ ಬೇರ್ಪಡಿಸಲಾಗದುದು ಸಂಕರ. ಕಾವ್ಯದಲ್ಲಿ ಸಲ್ಲುವ ಈ ವಿವೇಕವು ವಾಸ್ತುವಿನಲ್ಲಿಯೂ ಸಲ್ಲಬಾರದೇಕೆ?

ಮೊದಲು ಹೊರಮೈಯನ್ನು ನೋಡೋಣ. ಬೂದುಬಣ್ಣದ ಕಗ್ಗಲ್ಲಿನ ಮೂರಂತಸ್ತಿನ ಒಡಲು. ಅದರ ಮೇಲೆ ಗುಲಾಬಿವರ್ಣದ ಅಮೃತಶಿಲೆಯ ಗುಮ್ಮಟಗಳು. ನಡುವೆ 145 ಅಡಿ ಎತ್ತರದ ಗೋಪುರ. ಕೆಳಗೆ ಕಮಾನುಗಳ ಸಾಲು. ನಡುಗಮಾನಿನ ಮೇಲೆ ಗಜಲಕ್ಷ್ಮಿ. ಗುಮ್ಮಟಗಳನ್ನು ಮನಸ್ಸಿನಲ್ಲಿಯೇ ತೆಗೆದು ನೋಡಿದರೆ ಶೋಭೆಯು ಕುಂದೀತು, ಒಡಲು ಮಾತ್ರ ಹಾಗೆಯೇ ನಿಂತೀತು. ಇಲ್ಲಿ ಅಂಗಗಳು ಒಂದರ ಪಕ್ಕದಲ್ಲಿ ಒಂದಿವೆ, ಒಂದರಲ್ಲಿ ಒಂದಿಲ್ಲ. ಇದು ಸಂಸೃಷ್ಟಿ. ಬೆರಕೆಯೆಂದವರ ಆಕ್ಷೇಪಣೆಯು ಇಷ್ಟರಮಟ್ಟಿಗೆ ನಿರಾಧಾರವಲ್ಲವೆಂದು ಒಪ್ಪಬೇಕು.

ಒಳಹೊಕ್ಕರೆ ಸ್ಥಿತಿಯೇ ಬೇರೆ. ಕನ್ನಡನಾಡಿನ ತೊಟ್ಟಿಮನೆಯ ಜೀವಾಳವು ನಡುವಣ ತೆರಪು. ಬೆಳಕು ಮೇಲಿನಿಂದ ಮಧ್ಯಕ್ಕೆ ಇಳಿಯುವುದು; ಶುಭಕಾರ್ಯಗಳು ಆ ಬೆಳಕಿನಲ್ಲಿಯೇ ನಡೆಯುವುವು. ಅರಮನೆಯ ಒಳಭಾಗವೂ ಬಯಲುತೊಟ್ಟಿಯನ್ನು ಸುತ್ತುವರಿದೇ ಹಬ್ಬಿದೆ. ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿಯಾದರೋ ಈ ತತ್ತ್ವವು ಹೊಸ ದೇಹವನ್ನು ಧರಿಸಿತು. ಸಪುರವಾದ ಕಬ್ಬಿಣದ ಕಂಬಗಳು ಚಾವಣಿಯನ್ನು ಬಲು ಮೇಲಕ್ಕೆತ್ತಿ ಹಿಡಿದಿವೆ; ನವಿಲುಗಳನ್ನು ಚಿತ್ರಿಸಿದ ಬಣ್ಣದ ಗಾಜಿನ ಮೂಲಕ ಬೆಳಕು ನಡುನೆಲಕ್ಕೆ ಇಳಿಯುತ್ತದೆ. ತೊಟ್ಟಿಯ ಆಕಾಶವೇ ಇಲ್ಲಿ ಗಾಜಾಗಿದೆ. ಕಂಬವನ್ನು ತೆಗೆದರೆ ಎತ್ತರವಿಲ್ಲ, ಗಾಜನ್ನು ತೆಗೆದರೆ ಬೆಳಕಿನ ಬಣ್ಣವಿಲ್ಲ, ತೊಟ್ಟಿಯ ಭಾವವನ್ನು ತೆಗೆದರೆ ಇವೆರಡಕ್ಕೂ ಪ್ರಯೋಜನವೇ ಇಲ್ಲ. ಪರದೇಶದ ದ್ರವ್ಯವು ಸ್ವದೇಶದ ಅಭಿಪ್ರಾಯಕ್ಕೆ ಅಧೀನವಾಗಿದೆ. ಇದೇ ನೀರಕ್ಷೀರನ್ಯಾಯದ ಸಂಕರವು. ಮದುವೆಯ ಸಂಭ್ರಮದಲ್ಲಿ ಉರಿದುಹೋದ ಮರದ ಮನೆಯ ಸ್ಥಾನದಲ್ಲಿ ಮದುವೆಗಾಗಿ ಕಬ್ಬಿಣದ ಮಂಟಪವೆದ್ದುದು ಉಚಿತವೇ ಸರಿ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳತಕ್ಕದ್ದು. ಒಳಗಣ ಈ ಸಿದ್ಧಿಯನ್ನು ಹೊರಮೈಯು ಸೂಚಿಸುವುದಿಲ್ಲ; ಕಾವ್ಯದ ಪೀಠಿಕೆಯೊಂದು, ವಸ್ತುವೊಂದು ಆದಂತಾಯಿತು. ಅರಸೊತ್ತಿಗೆ ಮುಗಿದು ಅರಮನೆಯು ಪ್ರೇಕ್ಷಣೀಯಸ್ಥಾನವಾದ ಬಳಿಕ ಈ ದೋಷವೇ ಪ್ರಬಲವಾಗಿದೆ. ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳು ಹೊತ್ತಿಕೊಂಡಾಗ ಜನರು ಕಂಡು ಬೆರಗಾಗುವುದು ಹೊರಗಣ ರೇಖೆಯನ್ನು ಮಾತ್ರ. ಎಳ್ಳು ಅಕ್ಕಿಗಳ ಸಂಸೃಷ್ಟಿಯನ್ನೇ.

ಆದುದರಿಂದ ಅರಮನೆಯ ಯೋಗ್ಯತೆಯನ್ನು ನಿರ್ಣಯಿಸಬಯಸುವ ಸಹೃದಯರು ಹಗಲಿನಲ್ಲಿ ಹೋಗಿ, ಕಲ್ಯಾಣಮಂಟಪದ ನಡುವೆ ನಿಂತು, ಒಮ್ಮೆ ತಲೆಯೆತ್ತಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಅಲ್ಲಿ ಕಾಣುವುದು ಬೆರಕೆಯಲ್ಲ. ನಮ್ಮ ತೊಟ್ಟಿಮನೆಯು ಪಡೆದ ರೂಪಾಂತರ.