‘ವಂಶವೃಕ್ಷ’ದಲ್ಲಿ ಪುತ್ರಶೋಕದ ನೆಲೆ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷದ ಸುತ್ತಲೇ ನಡೆದಿದೆ. ವಿಧವಾ ವಿವಾಹ, ಸ್ತ್ರೀಶಿಕ್ಷಣ, ವಂಶಶುದ್ಧಿಯ ಪ್ರಶ್ನೆಗಳು ಮುನ್ನೆಲೆಗೆ ಬಂದಷ್ಟೂ ಇವೆಲ್ಲಕ್ಕೂ ಕಾರಣವಾದ ಸಾವು ಮರೆಗೆ ಸರಿದಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಏಕಮಾತ್ರ ಪುತ್ರ ನಂಜುಂಡ ಶ್ರೋತ್ರಿ ಕಪಿಲೆಯ ಪಾಲಾಗಿದ್ದಾನೆ. ಹೆಂಡತಿ ಕಾತ್ಯಾಯನಿ, ಎಳೆಯ ಮಗ ಚೀನಿ, ವೃದ್ಧಾಪ್ಯದ ಹೊಸ್ತಿಲಲ್ಲಿರುವ ತಂದೆತಾಯಿಗಳು ಉಳಿದಿದ್ದಾರೆ. ಕಥೆ ಇವರದು.

ಶ್ರೋತ್ರಿಗಳ ದುಃಖಕ್ಕೆ ದೊರೆಯುವುದು ಧರ್ಮಶಾಸ್ತ್ರದ ಭಾಷೆ. ತಂದೆಗೆ ಪಿಂಡವಿಡಬೇಕಾದವನು ತಾನೇ ಮೊದಲು ಹೋದಾಗ ಆ ಕರ್ತವ್ಯ ಮೊಮ್ಮಗನಿಗೆ ಬರುತ್ತದೆ. ಹಾಗಾಗಿ ಚೀನಿ ಸತ್ತವನ ನೆನಪಾಗುವುದಕ್ಕಿಂತ ಹೆಚ್ಚಾಗಿ ವಂಶದ ಮುಂದಿನ ಕೊಂಡಿಯಾಗುತ್ತಾನೆ. ಮಗನನ್ನು ಕಳೆದುಕೊಂಡ ನೋವು ಇಲ್ಲಿ ವಂಶವನ್ನು ಉಳಿಸಿಕೊಳ್ಳುವ ಚಿಂತೆಯಾಗಿ ರೂಪಾಂತರ ಹೊಂದುತ್ತದೆ. ಮೈಸೂರಿನಲ್ಲಿ ಓದಿ ರಾಜಾರಾಯನನ್ನು ಮದುವೆಯಾಗುವ ಕಾತ್ಯಾಯನಿ ಇದಕ್ಕೆ ತೆರುವ ಬೆಲೆ ಕಠೋರವಾದುದು: ಬದುಕಿರುವ ಮಗನನ್ನೇ ಅವಳು ಬಿಟ್ಟುಕೊಡಬೇಕು. ಅವಳ ಗರ್ಭಪಾತಗಳನ್ನು ಪಾಪಪ್ರಜ್ಞೆಯೊಡನೆ ಹೆಣೆದಿರುವಲ್ಲಿ ಕಾದಂಬರಿಕಾರರ ಸಮತೋಲ ಸ್ವಲ್ಪ ತಪ್ಪಿದೆ ಎನ್ನಬೇಕು.

ಇವರಿಬ್ಬರ ನಡುವೆ ಮಾತು ಸಿಗದೆ ಉಳಿಯುವವಳು ಭಾಗೀರಥಮ್ಮ. ಮತ್ತೊಂದು ಹೆರಿಗೆ ಅವಳ ಪ್ರಾಣಕ್ಕೇ ಅಪಾಯವೆಂಬುದರಿಂದ ದಂಪತಿಗಳು ಸಂಯಮಕ್ಕೆ ಒಳಗಾದವರು. ನಂಜುಂಡನ ಬಳಿಕ ಅವಳಿಗೆ ಇನ್ನೊಂದು ಮಗುವಿನ ಸಾಧ್ಯತೆಯೇ ಇರಲಿಲ್ಲ. ಈ ಹಿನ್ನೆಲೆಯನ್ನು ಕಾದಂಬರಿ ಬಳಸುವುದು ಶ್ರೋತ್ರಿಗಳ ಇಂದ್ರಿಯನಿಗ್ರಹದ ಎತ್ತರವನ್ನು ತೋರಿಸಲು. ತಾಯಿಯ ನಷ್ಟದ ಆಳವನ್ನು ತೋರಿಸಲು ಅಲ್ಲ. ಶ್ರೋತ್ರಿಗಳ ಆತ್ಮಶೋಧನೆಗೆ ಪುಟಗಟ್ಟಲೆ ಅವಕಾಶವಿರುವ ಕೃತಿಯಲ್ಲಿ ಹೆತ್ತವಳ ಶೋಕ ಮನೆಗೆಲಸದ ನಡುವಿನ ನಿಟ್ಟುಸಿರಾಗಿಯಷ್ಟೇ ಸುಳಿಯುತ್ತದೆ. ಇದು ಆ ಮನೆಯ ವಾಸ್ತವವೂ ಇರಬಹುದು. ಆದರೆ ಕೃತಿ ಆ ವಾಸ್ತವವನ್ನು ಪ್ರಶ್ನಿಸುವುದಿಲ್ಲ.

ತಾವೇ ಶ್ರೋತ್ರಿ ವಂಶದ ರಕ್ತದಿಂದ ಹುಟ್ಟಿದವರಲ್ಲವೆಂಬ ಸತ್ಯ ಶ್ರೋತ್ರಿಗಳಿಗೆ ತಿಳಿದಾಗ ವಂಶದ ಕಲ್ಪನೆಯೇ ಕುಸಿಯುತ್ತದೆ. ನಂಜುಂಡನನ್ನು ಕೊಂಡಿಯೆಂದಲ್ಲದೆ ಮಗನೆಂದಷ್ಟೇ ನೆನೆಯುವ ಅವಕಾಶ ಒದಗುವುದು ಆಗ. ಶ್ರೋತ್ರಿಗಳ ಮನಸ್ಸು ಹೊರಳುವುದು ಆಸ್ತಿಯ ತ್ಯಾಗದತ್ತ, ಸಂನ್ಯಾಸದತ್ತ. ಸಾಯುತ್ತಿರುವ ಕಾತ್ಯಾಯನಿಯ ಬಳಿಗೆ ಚೀನಿಯನ್ನು ಅವರು ಕರೆತರುವ ಪ್ರಸಂಗದಲ್ಲಿ ಮಾತ್ರ ತಾಯಿ ಮಕ್ಕಳ ಸಂಬಂಧ ವಂಶದ ಹಂಗಿಲ್ಲದೆ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಭಾಗೀರಥಮ್ಮ ಬದುಕಿಲ್ಲ.