ಪದಸಂಸ್ಕಾರಕದ ಮೊದಲ ಪಾಠ: ಕಾಣುವ ಅಕ್ಷರ, ಉಳಿಯುವ ಅಕ್ಷರ

ಜೆ.ಪಿ. ನಗರದ ಶಾಲೆಯೊಂದರ ಅಧ್ಯಾಪಕಿಯೊಬ್ಬರು ತಮ್ಮ ತರಗತಿಯ ಮಕ್ಕಳ ಹೆಸರುಗಳನ್ನು ಗಣಕದಲ್ಲಿ ಕನ್ನಡದಲ್ಲೇ ಬೆರಳಚ್ಚಿಸಿ, ಅಕಾರಾದಿಯಾಗಿ ಜೋಡಿಸುವಂತೆ ವರ್ಡ್ ತಂತ್ರಾಂಶಕ್ಕೆ ಆದೇಶ ಕೊಟ್ಟರು. ಯಮುನಾ, ಯಶೋದಾ ಇಬ್ಬರೂ ಅನಿತಾಳಿಗಿಂತ ಮೊದಲು ಬಂದರು. ಜಯಂತಿ ಹೋಗಿ ಆಶಾಳ ಪಕ್ಕದಲ್ಲಿ ಕುಳಿತಿದ್ದಳು. ಗಣಕಕ್ಕೆ ವೈರಸ್ ತಗುಲಿರಬೇಕೆಂದು ಅವರಿಗೆ ಅನುಮಾನ. ವೈರಸ್ ಇರಲಿಲ್ಲ. ಪಟ್ಟಿ ಇದ್ದದ್ದು ನುಡಿಯ ಹಳೆಯ ಮಾದರಿಯ ಫಾಂಟಿನಲ್ಲಿ. ಅವರು ಪದಸಂಸ್ಕಾರಕವನ್ನು ಬೇಸಿಗೆ ರಜೆಯ ಕೋರ್ಸೊಂದರಲ್ಲಿ ಕಲಿತವರು. ಆ ಕೋರ್ಸು ಅವರಿಗೆ ಹೇಳದೆ ಬಿಟ್ಟ ಸಂಗತಿಯೇ ಈ ಲೇಖನದ ವಿಷಯ.

ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಬೆರಳಚ್ಚು ಕಲಿಸುತ್ತಿದ್ದ ಕೊಠಡಿಗಳು ಕಾಲಕ್ರಮದಲ್ಲಿ ಗಣಕ ತರಬೇತಿ ಕೇಂದ್ರಗಳಾದವು. ಯಂತ್ರ ಬದಲಾಯಿತು, ಪಾಠದ ಕ್ರಮ ಅಷ್ಟಾಗಿ ಬದಲಾಗಲಿಲ್ಲ. ಯಾವ ಗುಂಡಿ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ, ಯಾವುದನ್ನು ಒತ್ತಿದರೆ ಅಡಿಗೆರೆ ಬೀಳುತ್ತದೆ, ಕಡತ ಉಳಿಸುವುದು ಹೇಗೆ - ಇಷ್ಟನ್ನು ಬಾಯಿಪಾಠ ಮಾಡಿಸಿದರೆ ಕೋರ್ಸು ಮುಗಿಯಿತು. ಕನ್ನಡಕ್ಕಾದರೆ ಒಂದೇ ಸೂಚನೆ: 'ಫಾಂಟ್ ಬದಲಾಯಿಸಿ, ಕನ್ನಡ ಬರುತ್ತದೆ.' ನನ್ನ ಆಕ್ಷೇಪಣೆ ಇರುವುದು ಈ ವಾಕ್ಯದ ಬಗ್ಗೆಯೇ. ಫಾಂಟ್ ಬದಲಾಯಿಸಿದಾಗ ಬರುವುದು ಕನ್ನಡದ ಚಿತ್ರ. ಗಣಕದ ಸ್ಮರಣೆಯಲ್ಲಿ ಕನ್ನಡ ಇರುವುದಿಲ್ಲ.

ಇದನ್ನು ಲೆಕ್ಕದಿಂದಲೇ ನೋಡೋಣ. ಗಣಕ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 'ಕನ್ನಡ' ಎಂಬ ಪದ ಹಳೆಯ ನುಡಿ ಫಾಂಟಿನಲ್ಲಿ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳಾಗಿ ಉಳಿಯುತ್ತದೆ. ಇವುಗಳಲ್ಲಿ 80 ಎಂದರೆ ಇಂಗ್ಲಿಷಿನ ದೊಡ್ಡ 'ಪಿ', 113 ಎಂದರೆ ಸಣ್ಣ 'ಕ್ಯು', 163 ಎಂದರೆ ಪೌಂಡ್ ನಾಣ್ಯದ ಚಿಹ್ನೆ. ಫಾಂಟು ಆ ಜಾಗಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಬರೆದಿಟ್ಟಿರುವುದರಿಂದ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಯೂನಿಕೋಡ್ ಪದ್ಧತಿಯಲ್ಲಾದರೆ ಅದೇ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು: ಕ, ನ, ಹಲಂತ ಚಿಹ್ನೆ, ನ, ಡ. 3200ರಿಂದ 3327ರವರೆಗಿನ ಸ್ಥಾನಗಳು ಕನ್ನಡಕ್ಕೇ ಮೀಸಲು. ಅಲ್ಲಿ ಬೇರೆ ಯಾವ ಭಾಷೆಯ ಲಿಪಿಯೂ ಬರುವಂತಿಲ್ಲ.

ಈಗ ಯಮುನಾಳ ವಿಷಯ. 'ಯ' ಅಕ್ಷರ ಸೊನ್ನೆಯಂಥ ಆಕಾರದಿಂದ ಆರಂಭವಾಗುತ್ತದೆಯಲ್ಲವೆ? ಹಳೆಯ ಫಾಂಟು ಆ ಸೊನ್ನೆಯನ್ನು ಇಂಗ್ಲಿಷ್ 'ಎ' ಇರುವ ಸ್ಥಾನದಲ್ಲಿ ಇಟ್ಟಿದೆ; 'ಅ' ಇರುವುದು 'ಸಿ' ಸ್ಥಾನದಲ್ಲಿ. ವರ್ಡ್ ತನಗೆ ತಿಳಿದ ಇಂಗ್ಲಿಷ್ ಕ್ರಮದಲ್ಲಿ ಸರಿಯಾಗಿಯೇ ಜೋಡಿಸಿತು! 'ಆ' ದೊಡ್ಡ 'ಡಿ', 'ಜ' ಸಣ್ಣ 'ಡಿ'. ಆದ್ದರಿಂದ ಆಶಾ, ಜಯಂತಿ ಅಕ್ಕಪಕ್ಕ. ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡುವ ಸೌಲಭ್ಯ ಚಾಲೂ ಇದ್ದರೆ 'ಜನ' ಎಂದು ಆರಂಭಿಸಿದ ವಾಕ್ಯ 'ಆನ' ಎಂದಾಗಿಬಿಡಬಹುದು. ತರಬೇತಿ ಕೇಂದ್ರಗಳು ಇದಕ್ಕೆ ಕೊಡುವ ಪರಿಹಾರ, ಆ ಸೌಲಭ್ಯವನ್ನೇ ಆರಿಸಿಬಿಡುವುದು. ಕಾಗುಣಿತ ಪರೀಕ್ಷೆಯ ಕೆಂಪು ಗೆರೆಗಳನ್ನೂ ಹಾಗೆಯೇ. 'ವ' ಹುಡುಕಲು ಹೊರಟರೆ 'ಮ'ಗಳೂ ಸಿಕ್ಕಿಬೀಳುತ್ತವೆ, ಏಕೆಂದರೆ 'ಮ' ಅಲ್ಲಿ 'ವ'ದ ತುಂಡಿಗೆ ಕೊಂಬು ಸೇರಿಸಿದ ಚಿತ್ರ. ವಿಂಗಡಣೆ, ಹುಡುಕಾಟ, ಕಾಗುಣಿತ ಪರೀಕ್ಷೆ - ಬೆರಳಚ್ಚು ಯಂತ್ರಕ್ಕೆ ಸಾಧ್ಯವಿಲ್ಲದ ಈ ಕೆಲಸಗಳನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ದುಬಾರಿ ಬೆರಳಚ್ಚು ಯಂತ್ರವೇ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ತಂತ್ರಾಂಶಗಳನ್ನು ದೂರುವುದು ಅನ್ಯಾಯ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಾಗ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗ, ಸಾಮಾನ್ಯರ ಗಣಕಗಳಲ್ಲಿ ಕನ್ನಡಕ್ಕೆ ಬೇರೆ ಸುಲಭ ದಾರಿ ಇರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿಯಲ್ಲಿ. ನುಡಿ, ಬರಹ ಎರಡೂ ಮುಂದೆ ಯೂನಿಕೋಡ್ ಆಯ್ಕೆಯನ್ನು ಒದಗಿಸಿವೆ. ಇನ್ನೊಂದು ಸ್ವಾರಸ್ಯವುಂಟು. ನುಡಿಯಲ್ಲಿರುವ, ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ 'ಕನ್ನಡ' ಬರೆಯಲು ಒತ್ತಬೇಕಾದದ್ದು ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಅಂದರೆ ಕ, ನ, ಹಲಂತ, ನ, ಡ. ಯೂನಿಕೋಡಿನ ಐದು ಸಂಖ್ಯೆಗಳ ಕ್ರಮವೇ! ಬೆರಳುಗಳು ಮೊದಲಿನಿಂದಲೂ ಅಕ್ಷರವನ್ನೇ ಹೇಳುತ್ತಿದ್ದವು; ಅದನ್ನು ಚಿತ್ರದ ತುಂಡುಗಳಾಗಿ ಒಡೆದದ್ದು ಆ ಕಾಲದ ಫಾಂಟು. ಆದ್ದರಿಂದ ಹಳೆಯ ಅಭ್ಯಾಸದವರು ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ. ಕಾರಣ ಹೋದ ಮೇಲೂ ಹಳೆಯ ಪಾಠವನ್ನೇ ಒಪ್ಪಿಸುತ್ತಿರುವ ಬೋಧನಾ ಕ್ರಮದ ಮೇಲೆ ಮಾತ್ರ ನನ್ನ ತಕರಾರು.

ಬೆರಳಚ್ಚಿನ ಇನ್ನೊಂದು ಪಳೆಯುಳಿಕೆ ಖಾಲಿ ಜಾಗದ ಪಟ್ಟಿ, ಅಂದರೆ ಸ್ಪೇಸ್ ಬಾರ್. ಪ್ರಶ್ನೆಪತ್ರಿಕೆಯಲ್ಲಿ ಅಂಕಗಳನ್ನು ಬಲ ಅಂಚಿಗೆ ತಳ್ಳಲು ಅದನ್ನು ಇಪ್ಪತ್ತು ಸಲ ಬಡಿಯುವ ಅಧ್ಯಾಪಕರು ಎಷ್ಟೋ ಮಂದಿ. ಒತ್ತು ಮುಂತಾದ ಕೆಲವನ್ನು ಬಿಟ್ಟರೆ ಬೆರಳಚ್ಚು ಯಂತ್ರದಲ್ಲಿ ಪ್ರತಿ ಕೀಲಿಗೂ ಒಂದೇ ಅಳತೆಯ ಹೆಜ್ಜೆ; ಅಲ್ಲಿ ಲೆಕ್ಕ ಸರಿಹೋಗುತ್ತಿತ್ತು. ಗಣಕದ ಫಾಂಟಿನಲ್ಲಿ 'ರ'ದ ಅಗಲ ಬೇರೆ, 'ಮೊ'ದ ಅಗಲ ಬೇರೆ. ಸಾಲು ನೇರವಾಗಲು ಬಲಗಡೆಯ ಟ್ಯಾಬ್ ನಿಲುಗಡೆ ಬೇಕು. ಇದನ್ನು ಕಲಿಸಲು ಹತ್ತು ನಿಮಿಷ ಸಾಕು.

ಮೊದಲ ತರಗತಿಯಲ್ಲೇ ಮಾಡಿಸಬಹುದಾದ ಪ್ರಯೋಗವೊಂದಿದೆ. ಇಲ್ಲಿಂದಲೇ ಪಾಠ ಆರಂಭವಾಗಬೇಕೆಂದು ನನ್ನ ಮತ. ಒಂದು ಕನ್ನಡ ಸಾಲನ್ನು ಆರಿಸಿ ಅದರ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿ. ಸಾಲು ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು ಮೇಲೆದ್ದರೆ ಒಳಗಿದ್ದದ್ದು ಅವೇ. ವಿದ್ಯಾರ್ಥಿ ಕಣ್ಣಾರೆ ಕಂಡ ಮೇಲೆ ಕಾಣುವ ರೂಪಕ್ಕೂ ಉಳಿಯುವ ಸಂಕೇತಕ್ಕೂ ಇರುವ ಅಂತರವನ್ನು ಪ್ರತ್ಯೇಕವಾಗಿ ವಿವರಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಆ ಅಧ್ಯಾಪಕಿ ತಮ್ಮ ಪಟ್ಟಿಯನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದು ಮತ್ತೆ ವಿಂಗಡಿಸಿದರು. ಅನಿತಾ ಮೇಲೆ ಬಂದಳು, ಯಮುನಾ ಕೆಳಗಿಳಿದಳು. ಅರ್ಕಾವತ್ತು ಇದ್ದ ಎರಡು ಹೆಸರುಗಳು ಮಾತ್ರ ತಪ್ಪಿದ್ದವು. ಅರ್ಕಾವತ್ತನ್ನು ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಇಡುತ್ತದೆ. ಯೂನಿಕೋಡ್ ಉಚ್ಚಾರದಂತೆ ಮೊದಲು ಇಡುತ್ತದೆ. ಅವೆರಡನ್ನು ಅವರು ಕೈಯಿಂದಲೇ ತಿದ್ದಿಕೊಂಡರು.