ನೀರೊಳಗಿನ ಕ್ಯಾಮೆರಾಕ್ಕೆ ಅಗ್ಗದ ಕನೆಕ್ಟರ್

ನೀರಿನೊಳಗೆ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ. ಹಾಗಾಗಿ ಕ್ಯಾಮೆರಾ ಪೆಟ್ಟಿಗೆಗೆ ಕನೆಕ್ಟರ್ ಆರಿಸುವಾಗ ಮೊದಲು ನೋಡಬೇಕಾದದ್ದು ಆಳ. ನೀರು ತಡೆಯುವ ದರ್ಜೆ ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ, ಅಷ್ಟೇ. ಐಪಿ68 ಆದರೆ ಆಳವನ್ನೂ ಅವಧಿಯನ್ನೂ ತಯಾರಕರೇ ಹೇಳಿರಬೇಕು. ಹೇಳದಿದ್ದರೆ ಕೊಳ್ಳದಿರುವುದೇ ಲೇಸು.

ನೀರಿನಲ್ಲೇ ಜೋಡಿಸಬಲ್ಲ ರಬ್ಬರ್ ಅಚ್ಚಿನ ಕನೆಕ್ಟರ್ ದುಬಾರಿ. ಬಿಚ್ಚುವ ಅಗತ್ಯವಿಲ್ಲದ ಕಡೆ ಪೆನೆಟ್ರೇಟರ್ ಸಾಕು: ನಡುವೆ ತೂತಿರುವ ಅಲ್ಯೂಮಿನಿಯಂ ಬೋಲ್ಟು, ಅದರೊಳಗೆ ಕೇಬಲ್, ಸುತ್ತ ಎಪಾಕ್ಸಿ, ತಲೆಯಡಿ ಒಂದು ಓ-ರಿಂಗ್. ಎಷ್ಟು ಸರಳ, ಎಷ್ಟು ಸೊಗಸು! ಕೇಬಲ್ ಹೊದಿಕೆಯನ್ನು ಉಪ್ಪುಕಾಗದದಿಂದ ತಿಕ್ಕಿ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿದರೆ ಎಪಾಕ್ಸಿ ಕಚ್ಚಿ ಹಿಡಿಯುತ್ತದೆ. ಓ-ರಿಂಗ್‌ಗೆ ಗ್ರೀಸ್ ತೆಳುವಾಗಿ ಸವರಬೇಕು. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಳಬರುತ್ತದೆ. ಕ್ಯಾಮೆರಾ ಇಡುವ ಮುನ್ನ, ಖಾಲಿ ಪೆಟ್ಟಿಗೆಯೊಳಗೆ ಟಿಶ್ಯೂ ಕಾಗದ ಹಾಕಿ ಒಮ್ಮೆ ಮುಳುಗಿಸಿ ನೋಡಬೇಕು.